ಚೆಂಡಿಗಿಂತ ನೆರಳೇ ಮುಖ್ಯ

ಹಳೆಯ ಕ್ರಿಕೆಟ್ ಗೇಮ್‌ಗಳಲ್ಲಿ ಚೆಂಡಿಗಿಂತ ಅದರ ನೆರಳಿಗೆ ಬೆಲೆ ಜಾಸ್ತಿ. ಕೋಡ್‌ಮಾಸ್ಟರ್ಸ್ ಕಂಪನಿಯ ‘ಬ್ರಯಾನ್ ಲಾರಾ ಕ್ರಿಕೆಟ್’ 1995ರಲ್ಲಿ ಸೆಗಾ ಮೆಗಾ ಡ್ರೈವ್‌ಗೆ ಬಂತು. ಅದರಲ್ಲಿ ಚೆಂಡು ಎಂದರೆ ಪರದೆಯ ಮೇಲೊಂದು ಚುಕ್ಕೆ, ಅಷ್ಟೇ. ಎತ್ತಿ ಹೊಡೆದರೆ ಅದು ಎಷ್ಟು ಮೇಲಿದೆ ಎಂದು ಚುಕ್ಕೆಯನ್ನು ನೋಡಿ ಹೇಳಲು ಸಾಧ್ಯವೇ ಇರಲಿಲ್ಲ. ಆದರೆ ಕೆಳಗೆ, ಹುಲ್ಲಿನ ಮೇಲೆ, ಇನ್ನೊಂದು ಕಪ್ಪು ಚುಕ್ಕೆ ಓಡುತ್ತಿತ್ತು. ಎರಡರ ನಡುವೆ ಅಂತರ ಹೆಚ್ಚಿದ್ದರೆ ಚೆಂಡು ಇನ್ನೂ ಆಕಾಶದಲ್ಲಿದೆ. ಕಡಿಮೆಯಾಗುತ್ತ ಬಂದರೆ ಇಳಿಯುತ್ತಿದೆ. ಹೊಸಬರು ಚೆಂಡು ಕಾಣುವ ಕಡೆಗೆ ಫೀಲ್ಡರನ್ನು ಓಡಿಸಿ ಮೋಸ ಹೋಗುತ್ತಿದ್ದರು. ಪಳಗಿದವರು ನೆರಳಿನ ಮೇಲೆ ಹೋಗಿ ನಿಲ್ಲುತ್ತಿದ್ದರು.

ಇದನ್ನು ಚಿತ್ರದ ಬಡತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೇ ಸಲಕ್ಕೆ 60 ಚಿಲ್ಲರೆ ಬಣ್ಣಗಳಿಗಿಂತ ಹೆಚ್ಚು ತೋರಿಸಲಾಗದ ಯಂತ್ರದಲ್ಲಿ ಕೆಲಸವಿಲ್ಲದ ಚುಕ್ಕೆಗೆ ಜಾಗ ಸಿಗುತ್ತಿರಲಿಲ್ಲ. ಬರೆದದ್ದೆಲ್ಲ ಆಡುವವನಿಗೆ ಏನಾದರೊಂದು ಹೇಳಲೇಬೇಕು. ಹಳೆಯ ಗ್ರಾಫಿಕ್ಸ್ ಬಗ್ಗೆ ನನಗಿರುವ ಮೋಹಕ್ಕೆ ಕಾರಣ ಬಾಲ್ಯಕ್ಕಿಂತ ಹೆಚ್ಚಾಗಿ ಈ ಲೆಕ್ಕಾಚಾರ.

ನಮ್ಮೂರುಗಳಲ್ಲಿ ಮೆಗಾ ಡ್ರೈವ್ ಕಂಡವರು ಕಡಿಮೆ. ಇಲ್ಲಿ ಕ್ರಿಕೆಟ್ ಗೇಮ್ ಮನೆಮಾತಾದದ್ದು ಅಸೆಂಬಲ್ಡ್ ಕಂಪ್ಯೂಟರ್ ಬಂದ ಮೇಲೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಪಿ.ಸಿ., ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಕೊಂಡ ಸಿ.ಡಿ.; ಆ ಸಿ.ಡಿ. ಅಸಲಿಯೋ ನಕಲಿಯೋ ಎಂದು ಯಾರೂ ಕೇಳುತ್ತಿರಲಿಲ್ಲ. ಬಹಳ ಮಂದಿಗೆ ಇ.ಎ. ಸ್ಪೋರ್ಟ್ಸ್ ಎಂದರೆ ‘ಕ್ರಿಕೆಟ್ 07’. 2006ರ ನವೆಂಬರಿನಲ್ಲಿ, ಆಶಸ್ ಸರಣಿಯ ಹೊತ್ತಿಗೆ ಬಂದದ್ದು. ಮಾಡಿದ್ದು ಇಂಗ್ಲೆಂಡಿನವರೂ ಅಲ್ಲ, ಆಸ್ಟ್ರೇಲಿಯಾದವರೂ ಅಲ್ಲ. ಐಸ್ ಹಾಕಿಯೇ ಉಸಿರಾದ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ಎಚ್‌.ಬಿ. ಸ್ಟುಡಿಯೋಸ್. ಇಂಥ ವಿಚಿತ್ರ ಇದೊಂದೇ ಅಲ್ಲ. ಇ.ಎ.ಯ 1999ರ ವಿಶ್ವಕಪ್ ಗೇಮ್ ಮಾಡಿಕೊಟ್ಟ ಕ್ರಿಯೇಟಿವ್ ಅಸೆಂಬ್ಲಿ ಮರುವರ್ಷ ‘ಶೋಗನ್: ಟೋಟಲ್ ವಾರ್’ ಹೊರತಂದು ಯುದ್ಧದ ಗೇಮ್‌ಗಳಲ್ಲಿ ಹೆಸರಾಯಿತು. ಫೀಲ್ಡರುಗಳನ್ನು ನಿಲ್ಲಿಸಿ ಕಲಿತವರು ಆಮೇಲೆ ಸೈನ್ಯ ನಿಲ್ಲಿಸಿದರು ಎನ್ನೋಣ.

‘ಕ್ರಿಕೆಟ್ 07’ರ ನಿಜವಾದ ಮಜಾ ಒಂದೇ ಕೀಬೋರ್ಡಿಗೆ ಇಬ್ಬರು ಕೈಹಾಕಿ ಕೂತಾಗ. ಬೌಲರ್ ಓಡಿ ಬರುವಾಗ ಪಿಚ್ಚಿನ ಮೇಲೊಂದು ಗುರುತು ಸರಿದಾಡುತ್ತದೆ. ಚೆಂಡು ಬೀಳುವ ಜಾಗ ಅದು. ಪರದೆ ಒಂದೇ ಆದ್ದರಿಂದ ಬ್ಯಾಟ್ಸ್‌ಮನ್‌ಗೂ ಅದು ಕಾಣುತ್ತದೆ. ಅಂದಮೇಲೆ ಗುಟ್ಟು ಎಲ್ಲಿ ಬಂತು? ಬೌಲಿಂಗ್ ಮಾಡುವವನು ಗುರುತನ್ನು ಯಾರ್ಕರ್ ಜಾಗದಲ್ಲಿ ಇಟ್ಟು ಆಸೆ ಹುಟ್ಟಿಸಿ, ಕೊನೆ ಗಳಿಗೆಯಲ್ಲಿ ಸರಕ್ಕನೆ ಹಿಂದಕ್ಕೆ ಎಳೆಯುತ್ತಾನೆ. ಮುಂದಿನ ಕಾಲಿಗೆ ಬಂದವನ ಮೂಗಿನ ಎದುರು ಬೌನ್ಸರ್. ಅತ್ತ ವೇಗದ ಪಟ್ಟಿ ಬೇರೆ ಏರುತ್ತಿರುತ್ತದೆ. ಹಸಿರಿನಲ್ಲಿ ಬೆರಳೊತ್ತಿದರೆ ಸರಿ, ದಾಟಿಸಿದರೆ ನೋಬಾಲ್. ಗುರುತನ್ನು ಕೊನೆಯವರೆಗೂ ಸರಿಸುವ ದುರಾಸೆಗೆ ಬಿದ್ದವನು ಪಟ್ಟಿಯನ್ನು ಮರೆಯುತ್ತಾನೆ. ಆ ಒಂದು ಸೆಕೆಂಡಿನಲ್ಲಿ ಇಬ್ಬರ ಕಣ್ಣೂ ಒಂದೇ ಗುರುತಿನ ಮೇಲೆ, ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ. ಬ್ಯಾಟಿನ ಕೀಲಿಗಳ ಮೇಲೆ ಅಂಗೈ ಇಟ್ಟುಬಿಡುವ ಕಿಲಾಡಿಗಳೂ ಇದ್ದರು; ಅದಕ್ಕೆ ಅಂಪೈರ್ ಇರಲಿಲ್ಲ.

ಅಲಂಕಾರಕ್ಕೆಂದೇ ಬರೆದದ್ದು ಪ್ರೇಕ್ಷಕರನ್ನು ಮಾತ್ರ. ಹಾಗಾಗಿಯೇ ಅವರು ಅಷ್ಟು ಕೆಟ್ಟದಾಗಿದ್ದರು. ಚಪ್ಪಟೆ ಜನ, ಒಂದೇ ಅಂಗಿ, ಒಂದೇ ತಾಳಕ್ಕೆ ಎತ್ತುವ ಕೈ. ಸಿಕ್ಸರ್ ಹೋಗಿ ಅವರ ನಡುವೆ ಬಿದ್ದರೂ ಒಬ್ಬನೂ ತಲೆ ತಗ್ಗಿಸುವುದಿಲ್ಲ. ನೋಡಿ ನಗುತ್ತಿದ್ದೆವು, ಮುಂದಿನ ಚೆಂಡಿಗೆ ಮರೆಯುತ್ತಿದ್ದೆವು.

ಇನ್ನು ಹೆಸರಿನ ವಿಷಯ. ಇಂಗ್ಲೆಂಡ್, ಆಸ್ಟ್ರೇಲಿಯಾ ತಂಡಗಳಿಗೆ ಲೈಸೆನ್ಸ್ ಇತ್ತು, ಭಾರತಕ್ಕೆ ಇರಲಿಲ್ಲ. ಫ್ಲಿಂಟಾಫ್ ಫ್ಲಿಂಟಾಫನೇ, ಪಾಂಟಿಂಗ್ ಪಾಂಟಿಂಗನೇ. ನಮ್ಮವರ ಹೆಸರುಗಳು ಮಾತ್ರ ಅಕ್ಷರ ತಿರುಚಿ, ಮದುವೆ ಪತ್ರಿಕೆಯಲ್ಲಿ ತಪ್ಪಾಗಿ ಅಚ್ಚಾದ ಬಂಧುಗಳ ಹೆಸರಿನಂತೆ ಬರುತ್ತಿದ್ದವು. ಗೇಮ್ ಇನ್‌ಸ್ಟಾಲ್ ಆದ ಮೊದಲ ಸಂಜೆ ಆಟಕ್ಕಲ್ಲ, ಹೆಸರು ತಿದ್ದುವುದಕ್ಕೇ ಹೋಗುತ್ತಿತ್ತು. ಹೆಸರಿಗೆ ನಿಲ್ಲುವ ಜನವೇ ಗೇಮಿನ ಅಭಿಮಾನಿಗಳು? ಗೇಮಿನ ಫೋಲ್ಡರ್ ಬಗೆದು ಜೆರ್ಸಿ, ಬ್ಯಾಟಿನ ಸ್ಟಿಕರ್, ಮುಖ ಎಲ್ಲ ಬದಲಿಸಿದರು. ತೆಂಡೂಲ್ಕರ್ ಕೈಗೆ ಎಂ.ಆರ್.ಎಫ್. ಬ್ಯಾಟ್ ಬಂತು. ಆ ಪ್ಯಾಚ್‌ಗಳು ಪೆನ್‌ಡ್ರೈವಿನಲ್ಲಿ ಹಾಸ್ಟೆಲಿನಿಂದ ಹಾಸ್ಟೆಲಿಗೆ ಪ್ರಯಾಣ ಮಾಡಿದವು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್. ಶುರುವಾದದ್ದು 2008ರ ಏಪ್ರಿಲ್ 18ರಂದು, ಗೇಮ್ ಹುಟ್ಟಿ ವರ್ಷ ಕಳೆದ ಮೇಲೆ. ಆದರೂ ಅದೇ ಗೇಮಿನಲ್ಲಿ ಆರ್.ಸಿ.ಬಿ. ಆಡಿತು. ‘ಕ್ರಿಕೆಟ್ 07’ರ ನಂತರ ಇ.ಎ. ಈ ಸರಣಿಯನ್ನೇ ಕೈಬಿಟ್ಟಿತು, ಅಭಿಮಾನಿಗಳು ಬಿಡಲಿಲ್ಲ.

ದನಿಯ ಬಗ್ಗೆ ಒಂದು ಮಾತು. ‘ಕ್ರಿಕೆಟ್ 07’ರ ಕಾಮೆಂಟರಿ ರಿಚಿ ಬೆನೋ ಮತ್ತು ಮಾರ್ಕ್ ನಿಕೋಲಸ್ ಅವರದು. ಟಿ.ವಿ.ಯಲ್ಲಿ ಬೆನೋ ಅವರ ಹೆಚ್ಚುಗಾರಿಕೆಯೇ ಮಾತಾಡದಿರುವುದು. ಚಿತ್ರಕ್ಕೆ ಸೇರಿಸಲು ಏನಾದರೂ ಇದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದ ಮನುಷ್ಯ. ಗೇಮ್ ಅವರನ್ನು ಗಿಳಿ ಮಾಡಿತು. ಬೌಂಡರಿಗೊಮ್ಮೆ ಅದೇ ಸಾಲು, ಅದೇ ಏರಿಳಿತ. ಗ್ರಾಫಿಕ್ಸ್ ಕ್ಷಮಿಸುತ್ತೇನೆ, ಇದನ್ನು ಕ್ಷಮಿಸುವುದು ಕಷ್ಟ. ಅದಕ್ಕಿಂತ ಮೊದಲಿನ ‘ಬ್ರಯಾನ್ ಲಾರಾ’ದ ಪಿ.ಸಿ. ಆವೃತ್ತಿಯಲ್ಲಿ ಜೆಫ್ರಿ ಬಾಯ್ಕಾಟ್ ಗೊಣಗುತ್ತಿದ್ದರು. ಆತ ನಿಜದಲ್ಲೂ ಹೇಳಿದ್ದನ್ನೇ ಹೇಳುವವರಾದ್ದರಿಂದ ಅಲ್ಲಿ ಸಹಜವಾಗಿಯೇ ಕೇಳುತ್ತಿತ್ತು!

ಚಿತ್ರದ ಮಿತವ್ಯಯದಲ್ಲಿ ಎಲ್ಲರನ್ನೂ ಮೀರಿಸಿದ್ದು ಬ್ರೌಸರಿನಲ್ಲಿ ಓಡುತ್ತಿದ್ದ ‘ಸ್ಟಿಕ್ ಕ್ರಿಕೆಟ್’. ಬ್ಯಾಟಿಂಗ್ ಮಾತ್ರ, ಎಡ ಬಾಣ, ಬಲ ಬಾಣ. ಆಫೀಸಿನಲ್ಲಿ ಬಾಸ್ ಬರುವ ಸದ್ದಾದರೆ ಕಿಟಕಿ ಮುಚ್ಚಿದರಾಯಿತು. ಅದನ್ನು ಓಡಿಸುತ್ತಿದ್ದ ಫ್ಲ್ಯಾಶ್‌ಗೆ ಅಡೋಬಿ 2020ರ ಕೊನೆಗೆ ಬೆಂಬಲ ನಿಲ್ಲಿಸಿದ್ದರಿಂದ ಬ್ರೌಸರಿನ ಆ ಕಾಲವೂ ಮುಗಿಯಿತು.

ಈಚಿನ ‘ಕ್ರಿಕೆಟ್ 24’ ಮೆಲ್ಬರ್ನಿನ ಬಿಗ್ ಆ್ಯಂಟ್ ಸ್ಟುಡಿಯೋಸ್‌ನದು. ಅದನ್ನೂ ಆಡುತ್ತೇನೆ. ಮುಖಗಳು ಗುರುತು ಸಿಗುತ್ತವೆ, ಅಂಗಿ ಗಾಳಿಗೆ ಅಲುಗುತ್ತದೆ. ಚಂದವೇ. ಆದರೆ ಅಷ್ಟೆಲ್ಲದರ ನಡುವೆ ಚೆಂಡಿನ ಲೆಂಗ್ತ್ ಹುಡುಕುವುದರಲ್ಲೇ ಅದು ಕೀಪರ್ ಕೈ ಸೇರಿರುತ್ತದೆ. ಹಳೆಯದಕ್ಕೆ ಈ ತೊಡಕಿರಲಿಲ್ಲ ಎಂದು ವಾದ ಮಾಡಬಲ್ಲೆ. ಹಾಗೆಂದು ಹಳೆಯದೇ ಪರಿಪೂರ್ಣ ಎನ್ನಲಾರೆ. ಆಫ್ ಸ್ಟಂಪಿನ ಹೊರಗೆ ಹೋಗುವ ಚೆಂಡಿಗೆ ಬ್ಯಾಟೆತ್ತಿ ಬಿಟ್ಟುಬಿಡುವ ಸುಖ ಆ ಗೇಮ್‌ಗಳಿಗೆ ಗೊತ್ತೇ ಇರಲಿಲ್ಲ. 1999ರ ವಿಶ್ವಕಪ್ಪಿನಲ್ಲಿ 461 ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದವರು ದ್ರಾವಿಡ್. ಬಿಡಬೇಕಾದ ಚೆಂಡನ್ನು ಬಿಡಲು ಬಲ್ಲವರು. ಗೇಮಿನಲ್ಲಿ ಬಿಟ್ಟರೆ ಸಿಗುವುದೇನು? ಐದು ಓವರಿನ ಪಂದ್ಯ, ಪಕ್ಕದಲ್ಲಿ ಕಾಯುತ್ತಿರುವ ಇನ್ನಿಬ್ಬರು, ಕರೆಂಟ್ ಯಾವಾಗ ಹೋಗುತ್ತದೋ ಎಂಬ ಅವಸರ. ಅಲ್ಲಿ ದ್ರಾವಿಡರೂ ಮೊದಲ ಚೆಂಡಿನಿಂದಲೇ ಬೀಸುತ್ತಿದ್ದರು. ಅವರಿಗೂ ಸೆಹ್ವಾಗ್‌ಗೂ ಇದ್ದ ವ್ಯತ್ಯಾಸ ಹೆಸರಿನದಷ್ಟೇ, ಅದೂ ತಿರುಚಿದ ಹೆಸರು.