ಕಾವ್ಯದ ಬೇಟೆಯಲ್ಲಿ ಬಿಡುವ ವಿವೇಕ

ಬೇಟೆಯ ವರ್ಣನೆಯು ಭಾರತೀಯ ಕಾವ್ಯಗಳಲ್ಲಿ ಬಹು ಹಿಂದಿನಿಂದಲೂ ನಡೆದು ಬಂದಿರುವುದು. ಮಹಾಕಾವ್ಯದ ಅಂಗಗಳನ್ನು ಎಣಿಸುವಾಗ ದಂಡಿಯು ಅದನ್ನು ಹೆಸರಿಸಲಿಲ್ಲ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹೆಸರಿಸಿದನು. ಲಕ್ಷಣಕಾರರು ಹೇಳಲಿ ಬಿಡಲಿ, ತಮ್ಮ ನಾಯಕರನ್ನು ಒಮ್ಮೆಯಾದರೂ ಅಡವಿಗೆ ಕಳುಹಿಸಿದ ಕವಿಗಳು ಹಲವರು. ಈ ವರ್ಣನೆಗಳನ್ನು ವಿಮರ್ಶಕರು ಸಾಮಾನ್ಯವಾಗಿ ಶಬ್ದದ ಬೆಡಗಿಗಾಗಿಯೂ, ಬಲೆ, ನಾಯಿ, ದೀವ ಮೊದಲಾದುವುಗಳ ವಿವರಕ್ಕಾಗಿಯೂ ಮೆಚ್ಚುವರು. ಆದರೆ ಬೇಟೆಯ ತಿರುಳಿರುವುದು ಬಾಣವು ಬಿಲ್ಲನ್ನು ಬಿಡುವುದಕ್ಕೆ ಮುಂಚಿನ ಒಂದು ಕ್ಷಣದಲ್ಲಿ. ಎದುರಿಗೆ ಒಂದು ಗಂಡುಜಿಂಕೆ ನಿಂತಿದೆ. ಅದರ ಕೋಡು ಇನ್ನೂ ಬಲಿತಿಲ್ಲ. ಹೊಡೆಯಬೇಕೆ, ಬೆಳೆಯಲು ಬಿಡಬೇಕೆ? ಈ ಪ್ರಶ್ನೆಯನ್ನು ಯಾವ ಕವಿ ಕೇಳಿದನು, ಯಾವನು ಕೇಳದೆ ಮುಂದೆ ಹೋದನು ಎಂಬುದನ್ನು ನೋಡಿದರೆ ಬೇಟೆಯ ಕಾವ್ಯಗಳ ತಾರತಮ್ಯವು ಬೇರೊಂದು ರೀತಿಯಲ್ಲಿ ತಿಳಿದುಬರುತ್ತದೆ.

ಪ್ರಕೃತಿಯೇ ಈ ಪ್ರಶ್ನೆಯನ್ನು ಮೃಗದ ಮೈಮೇಲೆ ಬರೆದಿಟ್ಟಿದೆಯೆಂದು ಹೇಳಬಹುದು. ಚುಕ್ಕೆ ಜಿಂಕೆಯ ಗಂಡಿಗೆ ಕೋಡು ವರ್ಷವರ್ಷವೂ ಉದುರಿ ಮತ್ತೆ ಮೂಡುವುದು. ಮೂಡುವಾಗ ಅದರ ಮೇಲೆ ಮೃದುವಾದ ತೊಗಲಿರುವುದು. ವಯಸ್ಸು ಏರಿದ ಹಾಗೆಲ್ಲ ಕೋಡು ನೀಳವಾಗುವುದು. ಕೃಷ್ಣಮೃಗದ ಕೋಡು ಉದುರುವುದಿಲ್ಲ. ಸುರುಳಿಸುರುಳಿಯಾಗಿ ಬೆಳೆಯುತ್ತಲೇ ಹೋಗುವುದು. ಎಳೆಯ ಗಂಡು ಹೆಣ್ಣಿನಂತೆಯೇ ಕಂದುಬಣ್ಣದ್ದು. ಪ್ರಾಯಕ್ಕೆ ಬಂದ ಬಳಿಕವೇ ಬೆನ್ನು ಕಪ್ಪಾಗುವುದು. ಆದುದರಿಂದ ಕಣ್ಣುಳ್ಳ ಬೇಡನಿಗೆ ಮೃಗದ ಪ್ರಾಯವು ತಿಳಿಯದೆ ಹೋಗಲಾರದು. ತಿಳಿದೂ ಹೊಡೆದರೆ ಅದು ಅವನ ಆಯ್ಕೆ. ತಿಳಿದು ಬಿಟ್ಟರೆ ಅದೂ ಅವನ ಆಯ್ಕೆಯೇ. ಆಯ್ಕೆಯಿರುವಲ್ಲಿ ಶೀಲವಿದೆ, ಶೀಲವಿರುವಲ್ಲಿ ಕಾವ್ಯಕ್ಕೆ ಕೆಲಸವಿದೆ.

ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಬೇಟೆಯನ್ನು ಬಲ್ಲ ಕವಿ. ವಿನೋದಗಳಲ್ಲೆಲ್ಲ ಅದಕ್ಕೆ ಅರಸುಪಟ್ಟವನ್ನು ಕಟ್ಟಿದವನು ಅವನು. ಈ ಪ್ರಶಂಸೆಗೆ ಶಾಸ್ತ್ರದ ಬೆಂಬಲವೂ ಉಂಟು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದ್ಯೂತಕ್ಕಿಂತ ಮೃಗಯೆ ಲೇಸೆಂಬ ವಾದವಿದೆ: ಮೈಗೆ ವ್ಯಾಯಾಮವಾಗುವುದು, ಬೊಜ್ಜು ಕರಗುವುದು, ನಿಂತ ಗುರಿಯನ್ನೂ ಓಡುವ ಗುರಿಯನ್ನೂ ಹೊಡೆಯುವ ಅಭ್ಯಾಸವಾಗುವುದು, ಕೋಪದಲ್ಲಿಯೂ ಭಯದಲ್ಲಿಯೂ ಮೃಗಗಳ ಚಿತ್ತವು ಹೇಗಿರುವುದೆಂದು ತಿಳಿಯುವುದು. ಈ ಗುಣಗಳೆಲ್ಲವೂ ಬೇಡನಿಗೆ ಸೇರಿದುವು. ಮೃಗದ ಚಿತ್ತವನ್ನು ಅರಿಯುವುದು ಕೂಡ ಅದನ್ನು ಹೊಡೆಯುವುದಕ್ಕಾಗಿಯೇ. ಪಂಪನ ಬೇಟೆಯ ವರ್ಣನೆಯಲ್ಲಿ ಓಟವುಂಟು, ಬಣ್ಣವುಂಟು, ಕನ್ನಡದ ಕಸುವುಂಟು. ತಡೆದು ನಿಂತ ಕೈ ಒಂದು ಮಾತ್ರ ಕಾಣದು. ಇದನ್ನು ದೋಷವೆನ್ನುವುದು ಅನ್ಯಾಯ. ವೀರನ ವಿನೋದವನ್ನು ಹಾಡಹೊರಟ ಕವಿಯು ವಿನೋದವನ್ನೇ ಹಾಡಿದನು. ಆದರೆ ಉತ್ಸಾಹವು ಕಾವ್ಯದ ಒಂದು ಮೆಟ್ಟಿಲೇ ಹೊರತು ಮಾಳಿಗೆಯಲ್ಲ.

ಅದೇ ಪಂಪನು ಮತ್ತೊಂದು ಕಡೆಯಲ್ಲಿ ಬೇರೆ ಬೇಟೆಯ ಕಥೆಯನ್ನು ಹೇಳಬೇಕಾಯಿತು. ಪಾಂಡುರಾಜನು ಕಾಡಿನಲ್ಲಿ ಬೆರೆತಿದ್ದ ಜಿಂಕೆಗಳ ಜೋಡಿಯ ಮೇಲೆ ಬಾಣವನ್ನು ಬಿಟ್ಟನು. ಗಂಡುಜಿಂಕೆಯ ರೂಪದಲ್ಲಿದ್ದವನು ಕಿಂದಮ ಮುನಿ. ಅವನ ಶಾಪವೇ ಪಾಂಡವರ ಜನನದ ಕಥೆಗೂ ಪಾಂಡುವಿನ ಮರಣಕ್ಕೂ ಮೂಲವಾಯಿತು. ವ್ಯಾಸಭಾರತದಲ್ಲಿ ಮುನಿಯು ಆಡುವ ಮಾತಿನ ಸಾರವು ಬಹಳ ವಿಚಾರಣೀಯವಾಗಿದೆ. ಮೃಗವನ್ನು ಕೊಂದೆಯೆಂದು ಅವನು ಅರಸನನ್ನು ದೂರುವುದಿಲ್ಲ. ಅದು ಅರಸರ ರೂಢಿಯೆಂದು ಒಪ್ಪುತ್ತಾನೆ. ಕೂಡಿದ ಕಾಲವು ಕಳೆಯುವ ತನಕ ಕಾಯಲಿಲ್ಲವೆಂಬುದೇ ಅವನ ದೂರು. ಎಂದರೆ ಪಾಂಡುವಿನ ಅಪರಾಧವು ಕೊಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಅಕಾಲದಲ್ಲಿದೆ. ಒಂದು ಗಳಿಗೆ ತಡೆಯಲಾರದ ಕೈಯಿಂದ ಒಂದು ವಂಶದ ಗತಿಯೇ ತಿರುಗಿತು. ಬೇಟೆಯ ವಿನೋದವನ್ನು ಓದಿ ಹಿಗ್ಗಿದ ವಾಚಕನು ಈ ಸಂದರ್ಭವನ್ನು ಅದರ ಪಕ್ಕದಲ್ಲಿಟ್ಟು ಓದಬೇಕು. ಆಗಲೇ ಮಹಾಭಾರತದ ತೂಕವು ತಿಳಿಯುವುದು.

ಕಾಳಿದಾಸನ ಶಾಕುಂತಲವು ಬಾಣವನ್ನು ತಡೆಯುವುದರಿಂದಲೇ ಆರಂಭವಾಗುತ್ತದೆ. ಬಸಪ್ಪಶಾಸ್ತ್ರಿಗಳ ಅನುವಾದದಿಂದ ಕನ್ನಡಿಗರಿಗೆ ಮನೆಮಾತಾದ ಆ ನಾಟಕದಲ್ಲಿ, ಓಡುವ ಹುಲ್ಲೆಯನ್ನು ಬೆನ್ನಟ್ಟಿ ಬಂದ ದುಷ್ಯಂತನನ್ನು ತಾಪಸನು ತಡೆಯುತ್ತಾನೆ. ಅರಸನು ಒಡನೆ ಬಾಣವನ್ನು ಇಳಿಸುತ್ತಾನೆ. ಇಲ್ಲಿ ಹುಲ್ಲೆಯು ಉಳಿದುದು ಅದು ನಿಂತ ನೆಲದ ಬಲದಿಂದ: ಅದು ಆಶ್ರಮದ ಮೃಗ. ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯನ್ನು ಹೊಗಳಿದರೂ ದುಷ್ಯಂತನು ಅಂದಿನ ಬೇಟೆಯನ್ನು ನಿಲ್ಲಿಸುತ್ತಾನೆ. ಶಕುಂತಲೆಯ ನೋಟವನ್ನು ಕಂಡ ಮೇಲೆ ಹುಲ್ಲೆಗಳ ಮೇಲೆ ಬಿಲ್ಲನ್ನು ಎತ್ತಲು ಅವನಿಗೆ ಮನಸ್ಸು ಬಾರದು. ಒಂದು ಸಲ ಧರ್ಮದ ಮೇರೆ, ಮತ್ತೊಂದು ಸಲ ಪ್ರೇಮದ ಮೇರೆ. ಎರಡೂ ರಮ್ಯವಾದುವು; ಆದರೆ ಎರಡರಲ್ಲಿಯೂ ಹುಲ್ಲೆಯ ಸ್ವಂತ ಹಕ್ಕಿಗೆ ಬಾಯಿಯಿಲ್ಲ.

ಆ ಬಾಯಿಯನ್ನು ಕೊಟ್ಟವನು ವ್ಯಾಸನೇ. ವನಪರ್ವದಲ್ಲಿ ದ್ವೈತವನದ ಜಿಂಕೆಗಳು ಧರ್ಮರಾಜನ ಕನಸಿನಲ್ಲಿ ಬಂದು ಕಣ್ಣೀರಿಡುತ್ತ ನಿಲ್ಲುತ್ತವೆ. ನಿನ್ನ ತಮ್ಮಂದಿರ ಬೇಟೆಯಿಂದ ನಮ್ಮ ಹಿಂಡುಗಳು ಕ್ಷಯಿಸಿವೆ; ಬೀಜವಾಗಿ ಕೆಲವೇ ಉಳಿದಿದ್ದೇವೆ; ನೀವು ಬೇರೆಡೆಗೆ ತೆರಳಿದರೆ ನಾವು ಮತ್ತೆ ವೃದ್ಧಿಯಾದೇವು ಎಂಬುದು ಅವುಗಳ ಬಿನ್ನಹದ ಭಾವ. ಬೆಳಗಾದೊಡನೆ ಧರ್ಮರಾಜನು ಕನಸನ್ನು ತಮ್ಮಂದಿರಿಗೆ ತಿಳಿಸಿ, ಎಲ್ಲರೊಡನೆ ಕಾಮ್ಯಕವನಕ್ಕೆ ಹೊರಟುಹೋಗುತ್ತಾನೆ. ಸಂದರ್ಭವು ಬಹಳ ಚಿಕ್ಕದು. ಅದರಲ್ಲಿ ಯುದ್ಧವಿಲ್ಲ, ವರವಿಲ್ಲ, ಶಾಪವಿಲ್ಲ. ಆದರೂ ಬೇಟೆಯ ಸಾಹಿತ್ಯದಲ್ಲೆಲ್ಲ ಇದಕ್ಕೆ ಮೇಲಾದ ಸ್ಥಳವು ಅಪೂರ್ವ. ಜಿಂಕೆಗಳು ದಯೆಯನ್ನು ಬೇಡಲಿಲ್ಲ, ಅಹಿಂಸೆಯನ್ನು ಬೋಧಿಸಲಿಲ್ಲ, ಕಾಲವನ್ನು ಬೇಡಿದುವು. ಅರಸನು ಉಪದೇಶವನ್ನು ಕೇಳಿ ತಲೆದೂಗಿ ಸುಮ್ಮನಾಗಲಿಲ್ಲ, ಬಿಡಾರವನ್ನೇ ಕಿತ್ತನು.

ಬಿಡದಿಯ ವಾಚಕರಿಗೆ ಈ ಸ್ಥಳವು ವಿಶೇಷವಾಗಿ ರುಚಿಸಬೇಕು. ಊರಿನ ಹೆಸರಾಗಿರುವ ಆ ಮಾತಿಗೆ ಕನ್ನಡದಲ್ಲಿ, ಬಂದ ನೆಂಟರು ತಂಗುವ ಮನೆಯೆಂಬ ಅರ್ಥವೂ ಉಂಟಷ್ಟೆ. ದ್ವೈತವನವು ಪಾಂಡವರಿಗೆ ಒಂದು ಬಿಡದಿ. ಜಿಂಕೆಗಳೇ ಅಲ್ಲಿನ ಮನೆಯವರು. ಉಂಡ ಮನೆಯು ಬರಿದಾಗುವ ತನಕ ನೆಂಟನು ಕೂರಬಾರದೆಂಬ ಮರ್ಯಾದೆಯನ್ನು ಧರ್ಮರಾಜನು ಬಲ್ಲನು. ಇನ್ನು ಬೀಜವೆಂಬ ಮಾತು. ಕುರಿ ಮೇಕೆಗಳನ್ನು ಸಾಕುವ ಒಕ್ಕಲು ಮನೆಗಳಲ್ಲಿ ಅದಕ್ಕೆ ವ್ಯಾಖ್ಯಾನವೇ ಬೇಡ. ಹಿಂಡಿನಲ್ಲಿ ಮೈಕಟ್ಟು ಒಳ್ಳೆಯದಾದ ಟಗರನ್ನೋ ಹೋತವನ್ನೋ ಬೀಜಕ್ಕೆಂದು ಉಳಿಸಿಕೊಳ್ಳುವರು; ಸಂತೆಯಲ್ಲಿ ಬೆಲೆ ಬಂದಿತೆಂದು ಅದನ್ನು ಮಾರಿದರೆ ಮುಂದಿನ ಮರಿಗಳು ಕಳಪೆಯಾಗುವುವೆಂಬುದು ಎಲ್ಲರೂ ಬಲ್ಲ ಸಂಗತಿ. ಕೌಟಿಲ್ಯನು ಕರುವನ್ನೂ ಗೂಳಿಯನ್ನೂ ಕರೆಯುವ ಹಸುವನ್ನೂ ಕೊಲ್ಲಕೂಡದೆಂದು ವಿಧಿಸಿ, ಮೀರಿದವನಿಗೆ 50 ಪಣ ದಂಡವನ್ನು ಹೇಳಿದುದೂ ಈ ವಿವೇಕವೇ. ಅಶೋಕನ ಐದನೆಯ ಸ್ತಂಭಶಾಸನವು ಗಬ್ಬದ ಮತ್ತು ಹಾಲೂಡುವ ಮೇಕೆ, ಕುರಿ, ಹಂದಿಗಳನ್ನೂ, ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಬಾರದೆಂದು ಸಾರುತ್ತದೆ. ಕಾವ್ಯದ ಜಿಂಕೆಯೂ, ಶಾಸನದ ಮರಿಯೂ, ಹಟ್ಟಿಯ ಟಗರೂ ಒಂದೇ ಮಾತನ್ನು ಹೇಳುತ್ತವೆ.

ಆದರೆ ಬಿಡುವುದೆಲ್ಲವೂ ಒಂದೇ ಬಗೆಯದಲ್ಲ. ವಿಮರ್ಶೆಯು ಇಲ್ಲಿ ಎಚ್ಚರವಾಗಿರಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ 2002ರಿಂದ ಕೋಡಿನ ಕವಲುಗಳನ್ನು ಎಣಿಸಿ ಗಂಡುಜಿಂಕೆಯನ್ನು ಹೊಡೆಯಬೇಕೆಂಬ ಕಟ್ಟಳೆಯಿದೆ. ಎಳೆಯದು ಉಳಿಯಲಿ, ಬಲಿತ ಗಂಡುಗಳು ಹಿಂಡಿನಲ್ಲಿ ಹೆಚ್ಚಲಿ ಎಂಬುದು ಅದರ ಉದ್ದೇಶ. ಅದು ಹಿಂಡಿಗೆ ಹಿತವಾದ ಕಟ್ಟಳೆಯಿರಬಹುದು. ಆದರೆ ಬರುವ ವರ್ಷ ದೊಡ್ಡ ಕೋಡು ದೊರೆಯಲೆಂದು ಈ ವರ್ಷ ಬಿಡುವ ಬೇಡನು ಬಡ್ಡಿಗೆ ಹಣ ಕೊಟ್ಟ ಸಾಹುಕಾರನಂತೆ. ಅವನ ತಾಳ್ಮೆಯನ್ನು ಮೆಚ್ಚಬಹುದು, ಕರುಣೆಯೆಂದು ಕರೆಯಲಾಗದು. ಹಬ್ಬಕ್ಕೆಂದು ತಂದ ಹರಕೆಯ ಕುರಿಯು ತೋರಣದ ತಳಿರನ್ನೇ ಮೇಯುವುದನ್ನು ಬಸವಣ್ಣನವರು ಒಂದು ವಚನದಲ್ಲಿ ಕಂಡಿದ್ದಾರೆ. ಆ ಕುರಿಗೂ ಕೆಲವು ಗಳಿಗೆ ಸಂದಿದೆ; ಆ ಗಳಿಗೆಗಳು ಅದರವಲ್ಲ, ಹಬ್ಬದವು. ಇದಕ್ಕೆ ಎದುರಾಗಿ ಪುಣ್ಯಕೋಟಿಯ ಹಾಡಿನಲ್ಲಿ ಹುಲಿಯು ಕೊಟ್ಟ ಅವಕಾಶವು ಹಸುವಿನ ಸ್ವತ್ತಾಗುತ್ತದೆ. ಕರುವಿಗೆ ಹಾಲೂಡಿಸಿ ಅದು ನುಡಿಯಂತೆ ಹಿಂದಿರುಗಿದಾಗ, ಅವಕಾಶವನ್ನು ಕೊಟ್ಟ ಹುಲಿಯೇ ಬದಲಾಗಿರುತ್ತದೆ. ಬಿಟ್ಟವನನ್ನು ಬದಲಿಸದ ಬಿಡುಗಡೆಯು ವ್ಯವಹಾರ, ಬದಲಿಸುವುದು ಕಾವ್ಯ.

ಇಂದು ಭಾರತದಲ್ಲಿ ಈ ಪ್ರಶ್ನೆಯು ಬೇಡನ ಕೈಯಲ್ಲಿ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ತಿದ್ದುಪಡಿಯೂ ವಿನೋದದ ಬೇಟೆಗೆ ತೆರೆಯೆಳೆದವು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆ ಧಾಮವಾಯಿತು. ಕನಕಪುರದ ದಕ್ಷಿಣದ ಕಾಡುಗಳನ್ನು ಒಳಗೊಂಡ ಕಾವೇರಿ ವನ್ಯಜೀವಿಧಾಮವು 1987ರಲ್ಲಿ ಏರ್ಪಟ್ಟಿತು. ಹಾಗೆಂದು ಬೇಟೆಯ ಸಾಹಿತ್ಯವು ಸವೆದ ನಾಣ್ಯವಾಯಿತೆಂದು ತಿಳಿಯಕೂಡದು. 1933ರಲ್ಲಿ ಪ್ರಕಟವಾದ ಕುವೆಂಪು ಅವರ ಮಲೆನಾಡಿನ ಚಿತ್ರಗಳನ್ನಾಗಲಿ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನಾಗಲಿ ಓದುವವರು ಇಂದಿಗೂ ಬೇಕಾದಷ್ಟಿದ್ದಾರೆ. ಓದುವಾಗ ಗುರಿ ತಾಗಿತೆ ಎಂದು ಕೇಳುವುದು ಮೊದಲನೆಯ ಪ್ರಶ್ನೆ. ಗುರಿ ತಾಗಬೇಕಾಗಿತ್ತೆ ಎಂದು ಕೇಳುವುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಕೊಡುವ ಬರವಣಿಗೆಗಳು ಹೇರಳವಾಗಿವೆ. ಎರಡನೆಯದನ್ನು ವಾಚಕನ ಬಾಯಿಂದ ಕೇಳಿಸುವ ಬರವಣಿಗೆಯು ವಿರಳವಾದುದರಿಂದಲೇ ವನಪರ್ವದ ಆ ಕಿರಿದಾದ ಕನಸು ಹಿರಿದಾಗಿ ಉಳಿದಿದೆ.