ಮಾನೇಸರದ ‘ರಾಷ್ಟ್ರೀಯ ಎಂಜಿನ್’

1248 ಸಿಸಿ, ನಾಲ್ಕು ಸಿಲಿಂಡರ್. ಫಿಯಟ್ ರೂಪಿಸಿದ ಈ ಡೀಸೆಲ್ ಎಂಜಿನ್ ದೆಹಲಿ ಮಗ್ಗುಲಿನ ಮಾನೇಸರದಲ್ಲಿ ತಯಾರಾಗಿ 2007ರಲ್ಲಿ ಮಾರುತಿಯ ಸ್ವಿಫ್ಟ್ ಕಾರಿನೊಳಗೆ ಕೂತಿತು. ಟಾಟಾ, ಷೆವರ್ಲೆ ಕಾರುಗಳಿಗೂ ಇದೇ ವಿನ್ಯಾಸ. ಕಾರುಪ್ರಿಯರು ‘ರಾಷ್ಟ್ರೀಯ ಎಂಜಿನ್’ ಎಂದದ್ದು ಬರೀ ತಮಾಷೆಗಲ್ಲ. 2000 ಆರ್‌ಪಿಎಂ ಹತ್ತಿರ ಬರುವವರೆಗೆ ಮಂಕು. ಆಮೇಲೆ ಟರ್ಬೊ ಎಚ್ಚೆತ್ತು ಎಳೆಯುವ ಪರಿ ಇದೆಯಲ್ಲ, ನಾನು ಸೋತದ್ದು ಅದಕ್ಕೇ. ಇನ್ನು ಕಂಪನಿ ಹೇಳುತ್ತಿದ್ದ ಮೈಲೇಜು ಪ್ರಯೋಗಾಲಯದ ರೋಲರ್ ಮೇಲಿನದು. ಗುರುಗ್ರಾಮದ ಸಂಜೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ತೆವಳುವವರಿಗೆ ಅದು ದಕ್ಕದು. ಟ್ಯಾಂಕ್ ಭರ್ತಿ ಮಾಡಿ, ಓಡಿಸಿ, ಮತ್ತೆ ಭರ್ತಿ ಮಾಡಿ, ಓಡಿದ ಕಿಲೋಮೀಟರನ್ನು ತುಂಬಿದ ಲೀಟರಿನಿಂದ ಭಾಗಿಸಿದರೆ ಸಿಗುವುದೇ ನಿಜವಾದ ಲೆಕ್ಕ. ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ 2020ರಲ್ಲಿ ಮಾರುತಿ ಈ ಎಂಜಿನ್ನನ್ನು ಕೈಬಿಟ್ಟಿತು. ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಬಾರದೆಂಬ ದೆಹಲಿಯ ನಿಯಮದಿಂದಾಗಿ ಗಟ್ಟಿಮುಟ್ಟಾದ ಎಷ್ಟೋ ಕಾರುಗಳು ಹೊರರಾಜ್ಯಗಳ ಪಾಲಾದವು.