ನೋವಿಗೆ ಸರಿ, ನೆನಪಿಗೆ ಬೇಡ

ಸಮ್ಮೋಹನ ಚಿಕಿತ್ಸೆಯ ಪರ ವಾದಿಸುವವರು 2000ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಎಲ್ವಿರಾ ಲ್ಯಾಂಗ್ ತಂಡದ ಅಧ್ಯಯನವನ್ನು ತಪ್ಪದೆ ಮುಂದಿಡುತ್ತಾರೆ. ಅದರ ಅಂಕಿಗಳನ್ನು ಪೂರ್ತಿ ಓದಿದರೆ ಕಥೆ ಅಷ್ಟು ಸರಳವಲ್ಲ. ರಕ್ತನಾಳ, ಮೂತ್ರಪಿಂಡಗಳಿಗೆ ಚರ್ಮದ ಮೂಲಕ ಕೊಳವೆ ತೂರಿಸಿ ಮಾಡುವ ಚಿಕಿತ್ಸೆಗೆ ಬಂದಿದ್ದ 241 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಮೊದಲನೆಯದಕ್ಕೆ ಮಾಮೂಲಿ ಆರೈಕೆ, ಎರಡನೆಯದಕ್ಕೆ ಪಕ್ಕದಲ್ಲೊಬ್ಬರು ನಿಂತು ಗಮನವಿಟ್ಟು ಮಾತನಾಡಿಸುವುದು, ಮೂರನೆಯದಕ್ಕೆ ಸ್ವಸಮ್ಮೋಹನ. ನೋವಿನ ಔಷಧ ಎಷ್ಟು ಬೇಕೆಂಬುದು ರೋಗಿಯ ಕೈಯಲ್ಲೇ ಇತ್ತು. ಮಾಮೂಲಿ ಗುಂಪು ಸರಾಸರಿ 1.9 ಘಟಕ ತೆಗೆದುಕೊಂಡಿತು, ಸಮ್ಮೋಹನದ ಗುಂಪು 0.9. ಭೇಷ್ ಅನ್ನುವಷ್ಟರಲ್ಲಿ ಮಧ್ಯದ ಗುಂಪಿನತ್ತ ನೋಡಬೇಕು: ಅಲ್ಲಿ 0.8!

ಅಂದರೆ ಔಷಧ ತಗ್ಗಿಸಿದ ಶ್ರೇಯಸ್ಸು ಸಮ್ಮೋಹನಕ್ಕಲ್ಲ, ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತದ್ದಕ್ಕೆ ಸಲ್ಲಬೇಕು. (ನಮ್ಮ ಆಸ್ಪತ್ರೆಗಳಲ್ಲಿ ಅಷ್ಟಕ್ಕೂ ಯಾರಿಗೆ ಪುರುಸೊತ್ತಿದೆ?) ಹಾಗೆಂದು ಉಳಿದದ್ದು ಸೊನ್ನೆಯಲ್ಲ. ಹೊತ್ತು ಕಳೆದಂತೆ ಉಳಿದೆರಡು ಗುಂಪುಗಳಲ್ಲಿ ನೋವು ಏರುತ್ತಾ ಹೋಯಿತು, ಸಮ್ಮೋಹನದ ಗುಂಪಿನಲ್ಲಿ ಏರಲಿಲ್ಲ. ರಕ್ತದೊತ್ತಡ, ನಾಡಿ ಏರುಪೇರಾದವರು ಮಾಮೂಲಿ ಗುಂಪಿನಲ್ಲಿ 12, ಮಾತನಾಡಿಸಿದ ಗುಂಪಿನಲ್ಲಿ 10, ಇಲ್ಲಿ ಒಬ್ಬರೇ. ಚಿಕಿತ್ಸೆಯೂ 78 ನಿಮಿಷದ ಬದಲು 61 ನಿಮಿಷಕ್ಕೆ ಮುಗಿಯಿತು.

ಒಳಗೆ ಏನು ನಡೆಯುತ್ತದೆ ಎಂಬುದರ ಸುಳಿವು 1997ರಲ್ಲಿ ಪಿಯರ್ ರೇನ್‌ವಿಲ್ ತಂಡ ಮಾಂಟ್ರಿಯಲ್‌ನಲ್ಲಿ ನಡೆಸಿದ ಮಿದುಳಿನ ಸ್ಕ್ಯಾನ್‌ಗಳಲ್ಲಿ ಸಿಕ್ಕಿತ್ತು. ಸಮ್ಮೋಹನದಲ್ಲಿದ್ದವರ ಕೈ ಸುಡುನೀರಿನಲ್ಲಿದ್ದಾಗ, ಆ ನೋವಿನ ಅಹಿತ ಕಡಿಮೆಯಾಗಿದೆ ಅಥವಾ ಹೆಚ್ಚಾಗಿದೆ ಎಂದು ಸೂಚಿಸಿದರು. ಸಂವೇದನೆಯನ್ನು ದಾಖಲಿಸುವ ಭಾಗ ಹೆಚ್ಚು ಕದಲಲಿಲ್ಲ. ಯಾತನೆಯ ಭಾವಕ್ಕೆ ಸಂಬಂಧಿಸಿದ ಮುಂಭಾಗದ ಸಿಂಗ್ಯುಲೇಟ್ ಕಾರ್ಟೆಕ್ಸ್ ಮಾತ್ರ ಸೂಚನೆಯಂತೆ ಬದಲಾಯಿತು. ನೋವು ಅಲ್ಲೇ ಇತ್ತು, ಅದರ ಕಾಟ ಬೇರೆಯಾಯಿತು.

ಸೂಚನೆಗೆ ಮನಸ್ಸು ಹೀಗೆ ಬಗ್ಗುವುದೇ ಮನೋರೋಗದ ಚಿಕಿತ್ಸೆಯಲ್ಲಿ ಕುತ್ತಾಗಬಹುದು. ಆತಂಕಕ್ಕೆ, ಅರಿವಿನ ವರ್ತನಾ ಚಿಕಿತ್ಸೆಯ ಜೊತೆಗೆ ಬಳಸಿದರೆ ಪ್ರಯೋಜನ ಕಂಡಿದೆ, ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಹೂತುಹೋದ ನೆನಪನ್ನು ಅಗೆಯಲು ಹೊರಟಾಗ ವಿದ್ಯೆ ದಾರಿ ತಪ್ಪುತ್ತದೆ. 1980–90ರ ದಶಕಗಳಲ್ಲಿ ಅಮೆರಿಕದಲ್ಲಿ ಹಾಗೆ ‘ಮರಳಿದ’ ಬಾಲ್ಯದ ದೌರ್ಜನ್ಯದ ನೆನಪುಗಳು ಕುಟುಂಬಗಳನ್ನು ಒಡೆದು ಕೋರ್ಟಿನ ಮೆಟ್ಟಿಲೇರಿಸಿದವು. ಎಷ್ಟೋ ನೆನಪುಗಳು ಸುಳ್ಳೆಂದು ಆಮೇಲೆ ತಿಳಿಯಿತು. ಸಮ್ಮೋಹನ ನೆನಪನ್ನು ನಿಖರಗೊಳಿಸುವುದಿಲ್ಲ, ತಪ್ಪು ನೆನಪಿನ ಮೇಲಿನ ಭರವಸೆಯನ್ನು ಗಟ್ಟಿಗೊಳಿಸುತ್ತದೆ.

ಪೂರ್ವಜನ್ಮ ತೋರಿಸಿ ಭಯ ಬಿಡಿಸುತ್ತೇವೆ ಎಂದು ನಮ್ಮಲ್ಲಿ ಹಣ ಕೇಳುವವರು ಮಾರುವುದೂ ಇದೇ ಸರಕನ್ನು. ಅಲ್ಲಿ ಹೊರಬರುವ ಕಥೆಯಲ್ಲಿ ಅರ್ಧ ರೋಗಿಯ ಕಲ್ಪನೆ, ಉಳಿದರ್ಧ ಚಿಕಿತ್ಸಕರ ಪ್ರಶ್ನೆ.